ಕುಂಕುಮ ಹತ್ತಿದ ಫ್ಲಾಪಿ

ಮಗಳು ಹುಟ್ಟಿದರೆ ಅವಳ ಕುಬಸಕ್ಕೆ ಅವ್ವನ ಗಿಳಿ ದಡಿಯ ಸೀರೆಯನ್ನೇ ನೇಯಿಸಿ ತರುತ್ತೇನೆ ಎಂದು ಬೆಟಗೇರಿಯ ಗೋವಿಂದಪ್ಪ ತನ್ನ ತಂಗಿ ಯಮನವ್ವನಿಗೆ ಮಾತು ಕೊಟ್ಟಿದ್ದ. ಕೊಟ್ಟದ್ದು ತೊಂಬತ್ತೆಂಟನೆಯ ಇಸವಿಯಲ್ಲಿ, ಮುಂಡರಗಿಯ ಅವಳ ಗಂಡನ ಮನೆಯ ಪಡಸಾಲೆಯಲ್ಲಿ, ಆರತಿ ಹಿಡಿದು ನಿಂತ ಅಷ್ಟೂ ಹೆಂಗಸರ ಮುಂದೆ.

ಆವತ್ತು ಯಮನವ್ವನದೇ ಕುಬಸ. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ಕುಬಸ ಉಡಿಸಿ ಉಡಿ ತುಂಬುವ ಹೊತ್ತು. ಗೋವಿಂದಪ್ಪ ತಂದದ್ದು ಅಂಗಡಿ ಸೀರೆ. ಯಮನವ್ವ ಅದರ ಮಡಿಕೆ ಬಿಚ್ಚಿ ನೋಡಿ ಕಣ್ಣು ತುಂಬಿಕೊಂಡಳು.

"ನೇಕಾರರ ಮನಿ ಮಗಳಿಗೆ ಅಂಗಡಿ ಸೀರಿ ತಂದೀಯಲ್ಲೋ ಅಣ್ಣಾ. ಅವ್ವನ ದಡಿ ಅವ್ವನ ಕೂಡೇ ಮಣ್ಣಿಗೆ ಹೋತು."

"ಎಲ್ಲೀದು ಹೋತು? ಫ್ಲಾಪ್ಯಾಗ ಐತಿ!"

ಹೆಂಗಸರು ನಕ್ಕರು. ನಗದೆ ಏನು ಮಾಡಿಯಾರು? ಹಿಂದಿನ ವರ್ಷ ಗೋವಿಂದಪ್ಪ ಎಲ್ಲಿಂದಲೋ ಹಳೆಯ ಕಂಪ್ಯೂಟರೊಂದನ್ನು ತಂದು ಮಗ್ಗದ ಪಕ್ಕದಲ್ಲಿ ಕೂರಿಸಿದ್ದ. ಸೀರೆಯ ನಕಾಸೆಯನ್ನು ಅದರಲ್ಲಿ ಬರೆದರೆ ಮಗ್ಗಕ್ಕೆ ನಕಾಸೆ ತಿಳಿಸುವ ರಟ್ಟಿಗೆ ತೂತು ಹೊಡೆಯುವುದು ಸಲೀಸು ಎಂದು ಯಾರೋ ತಲೆಗೆ ತುಂಬಿದ್ದರು. ಹಾಸಿಗೆ ಹಿಡಿದಿದ್ದ ತಾಯಿಯ ಸೀರೆಯ ದಡಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ಎಳೆ ಎಣಿಸುತ್ತ, ಒಂದೊಂದಾಗಿ ಪರದೆಯ ಮೇಲೆ ಚುಕ್ಕೆ ಇಡುತ್ತ ಕೂತಿರುತ್ತಿದ್ದ. "ಎಳಿ ಎಣಸಾಕ ಕುಂತೀಯೋ, ನನ್ನ ಉಸಿರು ಎಣಸಾಕ ಕುಂತೀಯೋ?" ಎಂದು ಮುದುಕಿ ಬೈಯುತ್ತಿದ್ದಳು. ಅವಳಿಗೆ ಬಹಳ ಪ್ರೀತಿಯ ಸೀರೆ ಅದು. ಕಣ್ಣು ಮುಚ್ಚಿದಾಗ ಅದನ್ನೇ ಉಡಿಸಿ ಕಳಿಸಿದರು. ಉಳಿದದ್ದು ಅಂಗೈಯಗಲದ ಒಂದು ಕರಿ ಫ್ಲಾಪಿ. ಅದರ ಮೇಲೆ ಗೋವಿಂದಪ್ಪನ ದುಂಡು ಅಕ್ಷರದಲ್ಲಿ ಒಂದೇ ಮಾತು: ಗಿಳಿ.

ಮುಂದಿನದು ಎಲ್ಲರ ಮನೆಯ ಕತೆಯೇ. ಕಂಪ್ಯೂಟರು ಕೆಟ್ಟಿತು. ಅದರ ಹೊಟ್ಟೆಯಲ್ಲಿದ್ದದ್ದೆಲ್ಲ ಅದರ ಜೊತೆಗೇ ಹೋಯಿತು. ಮಗ್ಗ ನಿಂತು, ಗೋವಿಂದಪ್ಪ ಇನ್ನೊಬ್ಬರ ಪವರ್‌ಲೂಮಿಗೆ ಕೂಲಿಗೆ ಹೋದ. 'ಕಂಪ್ಯೂಟರ್ ಗೋವಿಂದಪ್ಪ' ಎಂಬ ಅಡ್ಡಹೆಸರು ಮಾತ್ರ ಓಣಿಯಲ್ಲಿ ಉಳಿದುಕೊಂಡಿತು. ಕರೆಯುವವರು ಕರೆದು ಬಾಯಿ ಒರೆಸಿಕೊಳ್ಳುವರು, ಕೇಳಿಸಿಕೊಂಡವನು ನಕ್ಕು ಸುಮ್ಮನಾಗುವನು. ಮಗಳು ಸೌಂದರ್ಯಾಳಿಗೆ ಮಾತ್ರ ಆ ನಗು ಚಿಕ್ಕಂದಿನಿಂದ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ನಾಲ್ಕು ವರ್ಷದ ಹಿಂದೆ ಗೋವಿಂದಪ್ಪ ತೀರಿಕೊಂಡ. ಮಾತು ಹಾಗೇ ಉಳಿಯಿತು.

ಈಗ ಆ ಸೌಂದರ್ಯಾಳಿಗೆ ಎರಡು ಮಕ್ಕಳು. ಗದಗಿನ ರಕ್ತ ತಪಾಸಣೆಯ ಲ್ಯಾಬೊಂದರಲ್ಲಿ ಕೆಲಸ. ಬೆಳಿಗ್ಗೆ ಬುತ್ತಿ ಕಟ್ಟಿ ಹೊರಟರೆ ಸಂಜೆ ಕಾಲು ಬಾತುಕೊಂಡು ಬರುವುದು. ಗಂಡ ಮನೋಹರ ಸಣ್ಣ ಟೆಂಪೋ ಓಡಿಸುತ್ತಾನೆ. ಮುಂಡರಗಿಯಿಂದ ಸೋದರತ್ತೆ ಯಮನವ್ವನ ಫೋನು ಬಂದಾಗ ಅವಳು ಮಗನಿಗೆ ಮಗ್ಗಿ ಒಪ್ಪಿಸಿಕೊಳ್ಳುತ್ತ ಪಲ್ಯ ಹೆಚ್ಚುತ್ತಿದ್ದಳು.

"ಸೌಂದೂ, ನನ್ನ ಮಗಳು ವೈಶಾಲಿಗೆ ಐದು ತಿಂಗಳ ತುಂಬ್ಯಾವ. ಕಳ್ಳಕುಬಸ ಮನಿಮಟ್ಟಿಗೆ ಮಾಡಿ ಮುಗಿಸಿದ್ವಿ. ಏಳರಾಗ ದೊಡ್ಡ ಕುಬಸ. ನೀ ಬಾ ಯವ್ವಾ, ಬರೇ ಬಾ."

"ಬರೇ ಯಾಕ ಬರ್ಲಿ ಅತ್ತಿ? ಸ್ವಾದರಮಾವನ ಮನಿ ಸೀರಿ ತರಬೇಕಲ್ಲ."

ಯಮನವ್ವ ಮೆಲ್ಲಗೆ ಹೇಳಿದಳು. "ಅಣ್ಣ ಅಂದಿದ್ದ ಖರೆ. ಅವನs ಇಲ್ಲ, ಇನ್ನ ಅವನ ಮಾತಿಗೇನು ಹಗ್ಗ ಹಾಕಿ ಎಳಿಯೂದು? ಅವ್ವನ ದಡಿ ಈಗ ನನಗs ಪೂರಾ ನೆನಪಿಲ್ಲ. ಎಂಟು ಗಿಳಿ ಸಾಲಾಗಿ ಬರ್ತಿದ್ವು, ಬಾಯಾಗ ಹಣ್ಣು. ಒಂದು ಗಿಳಿ ಮಾತ್ರ ಬ್ಯಾರೆ ಇತ್ತು ನೋಡು. ಅದ್ನ ಮುಟ್ಟಿ ಅವ್ವ ಏನೋ ಹೇಳ್ತಿದ್ಲು. ಏನು ಬ್ಯಾರೆ ಇತ್ತು ಅಂಬೂದು ಹಾಳಾದ್ದು ಮರ್ತೈತಿ."

ಫೋನು ಇಟ್ಟ ಮೇಲೆ ಸೌಂದರ್ಯಾ ಈಳಿಗೆ ಬದಿಗಿಟ್ಟು ದೇವರ ಜಗುಲಿಯ ಕೆಳಗಿನ ತಗಡಿನ ಡಬ್ಬಿ ಎಳೆದಳು.

ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಮೂರು ಫ್ಲಾಪಿ ಇದ್ದವು, ನಕಾಸೆ ಬರೆಯುವ ಪ್ರೋಗ್ರಾಮಿನವು. ಅವುಗಳ ಮೇಲೆ ಒಂದು ಕಲೆಯೂ ಇರಲಿಲ್ಲ. ಬೇರೆಯಾಗಿ ಕೆಂಪು ವಸ್ತ್ರದಲ್ಲಿ 'ಗಿಳಿ' ಇತ್ತು. ವಸ್ತ್ರ ಬಿಚ್ಚುವಾಗಲೇ ಅವಳ ಮನಸ್ಸು ಕೆಟ್ಟದ್ದನ್ನು ಹೇಳಿತು. ಪ್ರತಿ ಮಾನೌಮಿಗೂ ಆಯುಧಗಳ ಖಂಡೇಪೂಜೆಯಲ್ಲಿ ಅಪ್ಪ ಲಾಳಿ, ಕತ್ತರಿ, ಸೈಕಲ್ಲಿನ ಸಾಲಿಗೆ ಈ ಫ್ಲಾಪಿಯನ್ನೂ ಇಡುತ್ತಿದ್ದ. ಇಟ್ಟು ಸುಮ್ಮನಿರುತ್ತಿರಲಿಲ್ಲ. ಅದರ ತಗಡಿನ ಪುಟ್ಟ ಕದವನ್ನು ಬೆರಳಿನಿಂದ ಸರಿಸಿ, ಒಳಗಿನ ಕಪ್ಪು ತಟ್ಟೆಗೇ ಕುಂಕುಮ ಹಚ್ಚುತ್ತಿದ್ದ. "ಕದಾ ಮುಚ್ಚಿದ ಗುಡಿಗೆ ಯಾರರ ಪೂಜಿ ಮಾಡ್ತಾರೇನ?" ಎನ್ನುತ್ತಿದ್ದ. ಪ್ರೋಗ್ರಾಮಿನ ಫ್ಲಾಪಿಗಳಿಗೆ ಆ ಭಾಗ್ಯ ಇರಲಿಲ್ಲ. "ಅವು ಕಂಪನಿಯವು. ನನ್ನ ಹತ್ಯಾರ ಇದು."

ಕದ ಸರಿಸಿ ನೋಡಿದಳು. ಇಪ್ಪತ್ತು ಮಾನೌಮಿಯ ಕುಂಕುಮ, ಭಂಡಾರದ ಅರಿಸಿನ ಒಂದರ ಮೇಲೊಂದು ಕೂತಿತ್ತು.

ಫ್ಲಾಪಿ ಓದುವ ಸಣ್ಣ ಯಂತ್ರವೊಂದನ್ನು ಆನ್‌ಲೈನಿನಲ್ಲಿ ತರಿಸಿದಳು. ಬಂದ ದಿನ ಮೇಲಿನ ಪುಡಿಯನ್ನು ಮೆತ್ತಗಿನ ಕುಂಚದಿಂದ ಝಾಡಿಸಿ, ಮಗಳ ಲ್ಯಾಪ್‌ಟಾಪಿಗೆ ಜೋಡಿಸಿ, ಉಸಿರು ಹಿಡಿದು ತೂರಿಸಿದಳು. ಗರಗರ ಎಂದಿತು. ಪರದೆಯ ಮೇಲೆ ಒಂದು ಪ್ರಶ್ನೆ ಬಂತು.

"ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳ್ತೈತಿ. ಹ್ಞೂಂ ಅನ್ನೂಣಲ್ಲ?" ಎಂದು ಮನೋಹರ ಬೆರಳು ಚಾಚಿದ.

ಸೌಂದರ್ಯಾ ಆ ಕೈಗೆ ಫಟ್ಟನೆ ಹೊಡೆದಳು. "ಏನ್ರೀ! ಹ್ಞೂಂ ಅಂದ್ರ ಇದ್ದದ್ದೆಲ್ಲ ಒರಸಿ ಒಗೀತೈತಿ!"

"ಅಬಬಾ! ನಾ ಏನ್ ಕಂಡೇನವಾ ನಿಮ್ಮಪ್ಪನ ಗಿಳೀನ? ಹಾರಿ ಹೋದ್ರ ನನ್ನ ಮ್ಯಾಲೆ ಬರತೈತಿ" ಎಂದು ಮನೋಹರ ಕೈ ಉಜ್ಜಿಕೊಂಡ. ಆಮೇಲೆ ಅವಳ ಮುಖ ನೋಡಿ ದನಿ ತಗ್ಗಿಸಿದ. "ಮುಂಡರಗಿಗೆ ಚಂದಾಗಿ ಒಂದು ರೇಷ್ಮಿ ಸೀರಿ ಒಯ್ಯೂಣ ಬಿಡ. ಯಾರು ಏನಂತಾರ?"

"ಯಾರೂ ಏನೂ ಅನ್ನೂದಿಲ್ಲ. ಅದs ಆಗಬಾರದು. ಅಪ್ಪ ಅಷ್ಟು ಮಂದಿ ಮುಂದ ಫ್ಲಾಪ್ಯಾಗ ಐತಿ ಅಂದಿದ್ದ. ಐತಿ ಅಂತ ತೋರಸಬೇಕು ನಾ."

ಮರುದಿನ ಮನೋಹರ ಶಿರಹಟ್ಟಿಯ ಬಾಡಿಗೆಯಿಂದ ಬಂದವನೇ ಖಬರು ತಂದ. ಅಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ಹೇಮಪ್ಪ ಮಾಸ್ತರರ ಹತ್ತಿರ ನಕಾಸೆಯ ಪ್ರೋಗ್ರಾಮು ನಡೆಯುವಂಥ ಹಳೆಯ ಕಂಪ್ಯೂಟರು ಇದೆಯಂತೆ. ಭಾನುವಾರ ಗಂಡ ಹೆಂಡತಿ ಟೆಂಪೋದಲ್ಲೇ ಹೋದರು. ಕಂಪ್ಯೂಟರು ಇತ್ತು, ಖರೆ. ಹಿತ್ತಿಲಿನಲ್ಲಿ ಇತ್ತು. ಪರದೆಯ ಗಾಜು ಒಡೆದ ಡಬ್ಬಿಯೊಳಗೆ ಹುಲ್ಲು ಹಾಸಿಕೊಂಡು ಒಂದು ಕೋಳಿ ಕಾವಿಗೆ ಕೂತಿತ್ತು.

"ಅದನ್ನ ಎಬಸಬ್ಯಾಡ್ರಿ ತಂಗಿ, ಮರಿ ಹೊರಬೀಳೂ ಹೊತ್ತು" ಎಂದರು ಹೇಮಪ್ಪ ಮಾಸ್ತರರು. ಚಾ ಕುಡಿಸಿದರು. ಹೊರಡುವಾಗ ಅಟ್ಟ ಹತ್ತಿ, ಸೀಲು ಒಡೆಯದ ಖಾಲಿ ಫ್ಲಾಪಿಗಳ ಡಬ್ಬಿಯೊಂದನ್ನು ಇಳಿಸಿ ಕೊಟ್ಟರು. "ಲಕ್ಷ್ಮೇಶ್ವರದಾಗ ಜಾವೀದ ಅಂತ ಅದಾನ, ನಂಬರ್ ಪ್ಲೇಟು, ಸ್ಟಿಕರು ಕತ್ತರಸಾಂವ. ಅವನ ಮಶೀನು ಹಳೇ ವಿಂಡೋಸ್ ಬಿಟ್ಟು ಬ್ಯಾರೆದಕ್ಕ ಮಾತಾಡೂದಿಲ್ಲ. ಹಂಗಾಗಿ ಆ ಕಂಪ್ಯೂಟರ ಅಂವ ಜೀವಾ ಹಿಡಿದು ಇಟ್ಟಾನ."

ಮುಂದಿನ ರಜೆಯ ದಿನ ಸೌಂದರ್ಯಾ ಅಡುಗೆಮನೆಯ ಕಟ್ಟೆ ತೊಳೆದು ಒರೆಸಿ, ಲ್ಯಾಬಿನ ಕೈಗವಸು ತೊಟ್ಟು ಕೂತಳು. ಖಾಲಿ ಫ್ಲಾಪಿಯೊಂದರ ಕವಚವನ್ನು ಚಾಕುವಿನ ತುದಿಯಿಂದ ಮೀಟಿ ಬಿಚ್ಚಿದಳು. ಒಳಗಿನದು ಹೊರಬಂತು: ವೀಳ್ಯದೆಲೆಯಷ್ಟು ತೆಳ್ಳಗಿನ ತಟ್ಟೆ. ಕೈ ಪಳಗಿತು ಎನ್ನಿಸಿದ ಮೇಲೆ 'ಗಿಳಿ'ಯನ್ನು ಬಿಚ್ಚಿದಳು. ಕವಚದೊಳಗಿನ ಬಿಳಿ ಅರಿವೆ ಓಕುಳಿಯಾಡಿದ ಅಂಗಿಯ ಹಾಗೆ ಕೆಂಪಾಗಿತ್ತು. ತಟ್ಟೆಯನ್ನು ಅಂಚಿನಲ್ಲಿ ಹಿಡಿದು, ಹತ್ತಿಗೆ ಸ್ಪಿರಿಟ್ ಹಚ್ಚಿ, ಗಾಜಿನ ಸ್ಲೈಡು ಒರೆಸುವ ಹದದಲ್ಲಿ ಒರೆಸಿದಳು. ಹತ್ತಿಯ ಮೇಲೆ ಹತ್ತಿ ಕೆಂಪಾಯಿತು, ಆಮೇಲೆ ಹಳದಿಯಾಯಿತು, ಕೊನೆಗೆ ಬಿಳಿಯಾಗಿಯೇ ಉಳಿಯಿತು. ತಟ್ಟೆಯನ್ನು ಹೊಸ ಕವಚದೊಳಗೆ ಮಲಗಿಸಿ ಮುಚ್ಚಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು "ಮಮ್ಮಿ, ಆಪರೇಶನ್ ಸಕ್ಸೆಸ್ಸಾ?" ಎಂದಳು. "ಪೇಶೆಂಟ್ ಇನ್ನೂ ಕಣ್ಣ ತೆಗದಿಲ್ಲ" ಎಂದಳು ಸೌಂದರ್ಯಾ.

ಲಕ್ಷ್ಮೇಶ್ವರಕ್ಕೆ ಒಬ್ಬಳೇ ಹೋದಳು, ಮುಳಗುಂದದ ಮೇಲಿನ ಬಸ್ಸಿಗೆ. ಮನೋಹರನಿಗೆ ಬಾಡಿಗೆ ಇತ್ತು. ಜಾವೀದ ನಲವತ್ತರ ಆಸುಪಾಸಿನ ಆಳು, ಮಾತಿನ ಮಲ್ಲ. ಅಂಗಡಿಯ ಮೂಲೆಯಲ್ಲಿ ಹಳದಿ ತಿರುಗಿದ ಕಂಪ್ಯೂಟರಿಗೆ ಒಂದು ದಪ್ಪನೆಯ ಅರಿವೆ ಹೊದಿಸಿದ್ದ.

"ಬರ್ರಿ ಅಕ್ಕಾರ, ಕುಂಡ್ರಿ. ನಮ್ಮ ಅಜ್ಜನ್ನ ಎಬ್ಬಸ್ತೀನಿ" ಎಂದು ಸ್ವಿಚ್ ಒತ್ತಿದ. ಒಳಗೆ ಏನೋ ಕೆಮ್ಮಿತು. ಅಕ್ಷರಗಳು ಓಡಿದವು. ಬಹಳ ಹೊತ್ತಿನ ಮೇಲೆ ನೀಲಿ ಆಕಾಶ, ಬಿಳಿ ಮೋಡ ಕಂಡವು. ಮೂಲೆಯಲ್ಲಿ ತಾರೀಖು ತಪ್ಪು ತೋರಿಸುತ್ತಿತ್ತು. "ಒಳಗಿನ ಸೆಲ್ ಹೋಗೇತ್ರಿ. ದಿನಾ ಮುಂಜಾನೆ ಎದ್ದು ತೊಂಬತ್ತೆಂಟನೇ ಇಸವಿ ಅಂತಾನ. ನಾನೂ ಹೌದಪಾ ಅಂತೀನಿ. ಹಿರ್ಯಾರ ಕೂಡ ಏನ್ ವಾದಾ?"

ಸೌಂದರ್ಯಾಳಿಗೆ ನಗು ಬರಲಿಲ್ಲ. ಅಪ್ಪ ಮಾತು ಕೊಟ್ಟ ವರ್ಷ ಅದು.

ಪ್ರೋಗ್ರಾಮಿನ ಮೂರು ಫ್ಲಾಪಿಗಳು ಒಂದಾದ ಮೇಲೊಂದು ತಕರಾರಿಲ್ಲದೆ ಒಳಗೆ ಹೋದವು. ಯಾವ ಪೂಜೆಯೂ ಮುಟ್ಟದ ಫ್ಲಾಪಿಗಳು ನಿನ್ನೆ ಕೊಂಡ ಹಾಗೆ ಓದಿದವು. ಪರದೆಯ ಮೇಲೆ ಚೌಕಳಿ ಹಾಳೆ ಬಿಚ್ಚಿಕೊಂಡಿತು. ಚಿಕ್ಕವಳಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ನೋಡಿದ್ದ ಅದೇ ಹಾಳೆ. ಅವಳು 'ಗಿಳಿ'ಯನ್ನು ಕೈಯಾರೆ ತೂರಿಸಿದಳು.

ಗರ್ ಎಂದಿತು. ನಿಂತಿತು. ಮತ್ತೆ ಗರ್ ಎಂದಿತು. ಒಂದು ಗಿಳಿಯ ಬಾಲ ಮೂಡಿತು, ಆಮೇಲೆ ರೆಕ್ಕೆ, ಆಮೇಲೆ ಕೊಕ್ಕು, ಕೊಕ್ಕಿನಲ್ಲಿ ಹಣ್ಣು.

"ಬಂತ್ರೀ!" ಎಂದು ಜಾವೀದ ತೊಡೆ ತಟ್ಟಿದ.

ಎರಡು, ಮೂರು, ನಾಲ್ಕು ಗಿಳಿ ಬಂದವು. ಅಲ್ಲಿಗೆ ಯಂತ್ರ ಹಲ್ಲು ಕಡಿಯಿತು. ಓದಲು ಬರುತ್ತಿಲ್ಲ, ಬಿಡಲೋ, ಮತ್ತೊಮ್ಮೆ ನೋಡಲೋ, ಸೋತೆ ಅನ್ನಲೋ ಎಂದು ಮೂರು ದಾರಿ ಕೇಳಿತು. ಜಾವೀದ ಮತ್ತೊಮ್ಮೆ ನೋಡು ಎಂದ. ಮತ್ತೊಮ್ಮೆ ಎಂದ. ಬೆರಳು ನೋಯುವ ತನಕ ಎಂದ. ನಾಲ್ಕರಾಚೆ ಹಾಳೆ ಬೋಳಾಗಿಯೇ ಉಳಿಯಿತು.

ಸೌಂದರ್ಯಾ ಪರದೆಯ ಫೋಟೋ ತೆಗೆದು ಬೆಟಗೇರಿಯ ಲಕ್ಕಪ್ಪನಿಗೆ ಕಳಿಸಿ ಫೋನು ಮಾಡಿದಳು. ಅಪ್ಪನ ಗೆಳೆಯ ಅವನು. ಇನ್ನೂ ಕೈಮಗ್ಗ ಬಿಡದವನು. ಸೀರೆ ನೇಯ್ದುಕೊಡಲು ಒಪ್ಪಿ ಹಸಿರು ಹಾಸುನೂಲು ಆಗಲೇ ಮಗ್ಗಕ್ಕೆ ಏರಿಸಿ ಕೂತಿದ್ದ.

"ಭಾಳ ಛಲೋ ಬಂದೈತೆಲ್ಲ ಮಗಳs! ಇನ್ನೇನ ಬೇಕು? ನಾಕು ಗಿಳಿ ಇದ್ರ ಅವನ್ನs ಇನ್ನೊಮ್ಮಿ ಓಡಸ್ತೀನಿ, ಎಂಟು ಆಗ್ತಾವ. ಗಿಳಿ ಗಿಳೀನs. ಯಾರಿಗೂ ಗೊತ್ತಾಗೂದಿಲ್ಲ."

"ಕಾಕಾ, ಒಂದು ಗಿಳಿ ಬ್ಯಾರೆ ಐತಂತ. ಈ ನಾಕರಾಗ ಅದು ಇಲ್ಲ."

"ಹುಚ್ಚಿ, ಕುಬಸ ಮುಂದಿನ ತಿಂಗಳ ಐತಿ. ರಟ್ಟು ಹೊಡೀಬೇಕು, ಕಟ್ಟಬೇಕು, ನೇಯಬೇಕು. ಇವತ್ತ ಹ್ಞೂಂ ಅಂದ್ರ ಆದೀತು. ನಾಳಿ ಅಂದ್ರ ನಾ ಮಾತು ಕೊಡೂದಿಲ್ಲ."

"ಸಂಜೀತನಾ ತಡೀರಿ ಕಾಕಾ" ಎಂದು ಫೋನು ಇಟ್ಟಳು.

ಜಾವೀದನೂ ಲಕ್ಕಪ್ಪನ ಪಕ್ಷವೇ. "ಅಕ್ಕಾರ, ನಂಬರ್ ಪ್ಲೇಟಿನ್ಯಾಗ ಒಂದು ಎಂಟು ಹರಿದ್ರ ನಾ ಇನ್ನೊಂದು ಎಂಟು ಕತ್ತರಿಸಿ ಹಚ್ತೀನಿ. ಗಾಡಿ ಓಡತೈತಿ."

"ಎಂಟರ ಜಾಗಾದಾಗ ಎಂಟೇ ಇತ್ತು ಅಂತ ನಿಮಗ ಗೊತ್ತಿರತೈತಿ. ನನಗ ಗೊತ್ತಿಲ್ಲಲ್ಲ. ನಾ ಬರದ್ರ ಅದು ನನ್ನ ದಡಿ ಆಗತೈತಿ. ನಮ್ಮಪ್ಪ ಅಂದದ್ದು ಅವ್ವನ ದಡಿ."

ಫ್ಲಾಪಿಯನ್ನು ಹೊರತೆಗೆದು ಬಾಗಿಲಿನ ಬೆಳಕಿಗೆ ಹಿಡಿದಳು. ಕದ ಸರಿಸಿ ತಟ್ಟೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದಳು. ಕಪ್ಪಗೆ, ನುಣ್ಣಗೆ, ಕನ್ನಡಿಯ ಹಾಗಿತ್ತು. ಒಂದು ಕಡೆ ಮಾತ್ರ ಬೆಳಕು ಮಂಕಾಯಿತು. ಹನಿ ಬಿದ್ದು ಒಣಗಿದ ಗುರುತು. ಬಣ್ಣವಿಲ್ಲ, ಉಬ್ಬೂ ಕಾಣುವುದಿಲ್ಲ. ಕುಂಕುಮವಲ್ಲ, ಭಂಡಾರವಲ್ಲ. ಮತ್ತೇನು?

ಪೂಜೆಯ ಕೊನೆಯಲ್ಲಿ ಅಪ್ಪ ಏನು ಮಾಡುತ್ತಿದ್ದ? ಲಾಳಿಗೆ ಊದುಬತ್ತಿ, ಸೈಕಲ್ಲಿಗೆ ಊದುಬತ್ತಿ. ಆಮೇಲೆ ಎಲ್ಲದರ ಮುಂದೆ ಕೂತು ಕಾಯಿ ಒಡೆಯುತ್ತಿದ್ದ. ಫ್ಲಾಪಿಯ ಕದ ತೆರೆದೇ ಇರುತ್ತಿತ್ತು.

"ಟೆಂಗಿನ ನೀರು!" ಎಂದಳು ಸೌಂದರ್ಯಾ ಜೋರಾಗಿ. ಸ್ಟಿಕರು ಕತ್ತರಿಸಲು ಬಂದಿದ್ದ ಗಿರಾಕಿ ತಿರುಗಿ ನೋಡಿದ.

ಸಿಹಿ ನೀರು ಒಣಗಿ ಸಕ್ಕರೆಯ ಪೊರೆಯಾಗಿ ಕೂತಿತ್ತು. ಸ್ಪಿರಿಟ್ ಜಿಡ್ಡನ್ನು ತೆಗೆಯುತ್ತದೆ, ಸಕ್ಕರೆಯನ್ನು ಕರಗಿಸದು. ಎಂಟು ವರ್ಷ ಲ್ಯಾಬಿನಲ್ಲಿ ಕೈ ಸವೆಸಿದವಳಿಗೆ ಮೊದಲೇ ಹೊಳೆಯಬೇಕಿತ್ತು. ಹೊಳೆದಿರಲಿಲ್ಲ.

"ಜಾವೀದಣ್ಣ, ನಿಮ್ಮಲ್ಲೆ ಬ್ಯಾಟರಿಗೆ ಹಾಕೂ ನೀರು ಐತೇನ್ರಿ?"

"ಇನ್ವರ್ಟರಿಂದು ಐತ್ರಿ. ಕುಡೀತೀರೇನು?"

"ಗಿಳಿಗೆ ಕುಡಸ್ತೀನಿ."

ಅಂಗಡಿಯ ಕೌಂಟರಿನ ಮೇಲೆ ಸ್ವಚ್ಛ ಹಾಳೆ ಹಾಸಿ ಅವಳು ಮತ್ತೊಮ್ಮೆ ಕವಚ ಬಿಚ್ಚಿದಳು. ಹೊಸ ಬಾಟಲಿಯ ನೀರಿಗೆ ಹತ್ತಿಯನ್ನು ಅದ್ದಿ ಆ ಗುರುತಿನ ಮೇಲೆ ಇಟ್ಟು ಸುಮ್ಮನೆ ಕಾದಳು. ಉಜ್ಜಲಿಲ್ಲ. ಉಜ್ಜಿದರೆ ಗೀರು, ಗೀರಿದರೆ ಗಿಳಿ ಹೋಯಿತು. ನೆನೆಯಲಿ ಎಂದು ಕಾದು, ಎತ್ತಿ, ಹೊಸ ಹತ್ತಿ ಇಟ್ಟು ಮತ್ತೆ ಕಾದಳು. ಜಾವೀದನೂ ಗಿರಾಕಿಯೂ ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ನಿಂತಿದ್ದರು. ಅಂಚಿನಲ್ಲಿ ಹಿಡಿದು ಫ್ಯಾನಿನ ಕೆಳಗೆ ಒಣಗಿಸಿದಳು. ಬೆಳಕಿಗೆ ಹಿಡಿದಳು. ಮಂಕು ಹೋಗಿತ್ತು. ಜಾವೀದ ಅಷ್ಟರಲ್ಲಿ ಕಂಪ್ಯೂಟರಿನ ಬಾಯೊಳಗಿನ ಓದುವ ತಲೆಯನ್ನೂ ಸ್ಪಿರಿಟ್ಟಿನಿಂದ ಒರೆಸಿ ಇಟ್ಟಿದ್ದ.

"ಬಿಸ್ಮಿಲ್ಲಾ ಅನ್ಲೇನ್ರಿ?" ಎಂದ.

"ಏನರ ಅನ್ರಿ, ಕುಂಕುಮ ಒಂದು ಹಚ್ಚಬ್ಯಾಡ್ರಿ."

ಗರ್ ಎಂದಿತು. ನಾಲ್ಕು ಗಿಳಿ ಬಂದವು. ನಾಲ್ಕರ ಹತ್ತಿರ ಯಂತ್ರ ತಡವರಿಸಿತು. ಸೌಂದರ್ಯಾ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡಿದಳು. ಹಲ್ಲು ಕಡಿದ ಸದ್ದು ಬಂತು, ನಿಂತಿತು, ಮತ್ತೆ ಓಡಿತು. ಐದನೆಯದರ ಬಾಲ ಮೂಡಿತು. ಐದನೆಯದರ ಬಾಯಲ್ಲಿ ಹಣ್ಣು. ಆರನೆಯದರ ಬಾಲ, ರೆಕ್ಕೆ, ಕೊಕ್ಕು.

ಕೊಕ್ಕಿನಲ್ಲಿ ಹಣ್ಣು ಇರಲಿಲ್ಲ.

ಏಳು, ಎಂಟು ಗಿಳಿಗಳು ಹಣ್ಣು ಕಚ್ಚಿಕೊಂಡು ಬಂದು ಸಾಲು ಮುಗಿಸಿದವು. ಆರನೆಯದು ಮಾತ್ರ ಬರಿಬಾಯಲ್ಲಿ ತಲೆಯೆತ್ತಿ ನಿಂತಿತ್ತು. ಜಾವೀದ ಕತ್ತು ಮುಂದೆ ಮಾಡಿ ನೋಡಿದ. "ಇದರಾಗೊಂದು ಹಣ್ಣು ಅಳಿಸಿ ಹೋಗೇತ್ರಿ."

"ಇಲ್ರಿ" ಎಂದಳು ಸೌಂದರ್ಯಾ. ಅತ್ತೆ ಹೇಳಿದ್ದ ಬೇರೆ ಗಿಳಿ ಇದೇ. ಅಪ್ಪನ ಚುಕ್ಕೆಗಳು ಒಂದೂ ಹೋಗಿರಲಿಲ್ಲ. ಪರದೆಯ ತುಂಡು ತುಂಡಿನ ಫೋಟೋ ತೆಗೆದಳು. ಒಂದೂ ತಪ್ಪಬಾರದೆಂದು ಎರಡೆರಡು ಸಲ ತೆಗೆದಳು.

ಬೆಟಗೇರಿಯಲ್ಲಿ ಇಳಿದವಳು ಮನೆಗೆ ಹೋಗದೆ ನೆಟ್ಟಗೆ ಲಕ್ಕಪ್ಪನ ಮಗ್ಗಕ್ಕೆ ಹೋದಳು. ಮುದುಕ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದ. ಕನ್ನಡಕ ತೆಗೆದು ಒರೆಸಿದ. "ಕಂಪ್ಯೂಟರ್ ಗೋವಿಂದ ಅಂತ ಮೊದಲ ಅಂದಾಂವ ನಾನs. ಎಷ್ಟು ನಿಗಾಲೆ ಎಣಿಸ್ಯಾನ ನೋಡು, ಮಗನ್ನ." ಆಮೇಲೆ ಆರನೆಯ ಗಿಳಿಯ ಮೇಲೆ ಬೆರಳಿಟ್ಟ. "ಇಲ್ಲೊಂದು ತಪ್ಪು ಮಾಡ್ಯಾನ. ರಟ್ಟು ಹೊಡಿವಾಗ ಹಣ್ಣು ಸೇರಿಸ್ತೀನಿ, ಬಿಡು."

"ಕಾಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಅದನ್ನ ಮುಟ್ಟಬ್ಯಾಡ್ರಿ. ಇಷ್ಟೆಲ್ಲಾ ಮಾಡಿದ್ದು ಆ ಹಣ್ಣಿಲ್ಲದ್ದಕ್ಕs."

ಲಕ್ಕಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಐವತ್ತು ವರ್ಷ ನೇಯ್ದೀನಿ, ತಪ್ಪು ಬೇಕು ಅಂತ ಬಂದ ಗಿರಾಕಿ ನೀ ಒಬ್ಬಾಕಿ" ಎಂದು ರಟ್ಟಿನ ಕಟ್ಟು ಹತ್ತಿರ ಎಳೆದುಕೊಂಡ.

ಅವತ್ತಿನಿಂದ ಸೌಂದರ್ಯಾ ಲ್ಯಾಬು ಮುಗಿಸಿ ಬರುವ ದಾರಿಯಲ್ಲಿ ಮಗ್ಗದ ಮುಂದೆ ಹಾದು ಬರತೊಡಗಿದಳು. ರಟ್ಟುಗಳು ಮಾಲೆಯಾಗಿ ಮಗ್ಗದ ನೆತ್ತಿ ಏರಿದವು. ಲಾಳಿ ಓಡಿತು. ಗಿಳಿಗಳು ಹಸಿರು ಸೀರೆಯ ಕೆಂಪು ದಡಿಯ ಮೇಲೆ ಒಂದೊಂದಾಗಿ ಇಳಿದು ಕೂತವು. ಲಕ್ಕಪ್ಪ ಕುಬಸದ ಮುನ್ನಾದಿನ ಸೀರೆಯನ್ನು ಮಗ್ಗದಿಂದ ಕೊಯ್ದು ಕೊಟ್ಟ.

ಮುಂಡರಗಿಯ ಅದೇ ಪಡಸಾಲೆ. ಬಣ್ಣ ಮಾತ್ರ ಹೊಸದು. ವೈಶಾಲಿ ಮಣೆಯ ಮೇಲೆ ಕೂತಿದ್ದಳು, ಮುಡಿ ತುಂಬ ಮಲ್ಲಿಗೆ. ಸೌಂದರ್ಯಾ ತಟ್ಟೆಯಲ್ಲಿ ಸೀರೆ ಇಟ್ಟು ಅತ್ತೆಯ ಕೈಗೆ ಕೊಟ್ಟಳು. ಯಮನವ್ವ ಮಡಿಕೆ ಬಿಚ್ಚಿ, ಹೆಬ್ಬೆರಳನ್ನು ದಡಿಯ ಮೇಲೆ ಇಟ್ಟು, ಕುರುಡರು ಗೋಡೆ ಹಿಡಿದು ನಡೆಯುವ ಹಾಗೆ ನಡೆಸಿದಳು. ಒಂದು ಗಿಳಿ, ಎರಡು ಗಿಳಿ. ಹೆಬ್ಬೆರಳು ಆರನೆಯದರ ಮೇಲೆ ನಿಂತಿತು.

"ಇದs. ಇದs ನೋಡ ಸೌಂದೂ" ಎಂದಳು. ಕಣ್ಣೀರು ಸೀರೆಗೆ ತಾಗದಂತೆ ಮುಖ ಆಚೆ ಹೊರಳಿಸಿದಳು. "ಈಗ ನೆನಪಾತು. ಅವ್ವ ಅಂತಿದ್ಲು, ಇದು ನಮ್ಮನಿ ಗಿಳಿ, ತನ್ನ ಹಣ್ಣು ಮಗಳಿಗೆ ಕೊಟ್ಟು ಬಂದೈತಿ, ಅದಕ್ಕs ಬಾಯಿ ಬರಿದು."

ಆರತಿ ಹಿಡಿದು ನಿಂತವರಲ್ಲಿ ಒಬ್ಬ ಮುದುಕಿ, ಅವತ್ತೂ ಅಲ್ಲಿ ನಿಂತು ನಕ್ಕವಳು, ಮುಂದೆ ಬಾಗಿ ದಡಿ ಮುಟ್ಟಿ ನೋಡಿದಳು. "ಖರೇನ ಇತ್ತಲ್ಲವಾ! ಅದ್ಯಾವುದರಾಗೋ ಐತಿ ಅಂದಿದ್ದಲ್ಲ ನಿಮ್ಮಪ್ಪ. ಏನದು, ಪ್ಲಾಪೀನೋ ಪೇಪಿನೋ?"

"ಫ್ಲಾಪಿ, ಆಯಿ."

"ಎಲ್ಲೈತಿ ಅದು? ಒಂದೀಟು ಕುಂಕುಮ ಹಚ್ಚೂಣ ತಾ."

"ಬ್ಯಾಡ್ರೀ ಆಯಿ!" ಎಂದು ಬಾಗಿಲಲ್ಲಿ ನಿಂತಿದ್ದ ಮನೋಹರ ಕೂಗಿಬಿಟ್ಟ. ಪಡಸಾಲೆಯೆಲ್ಲ ನಕ್ಕಿತು. ಸೌಂದರ್ಯಾಳೂ ನಕ್ಕಳು.

ವೈಶಾಲಿಗೆ ಅಜ್ಜಿಯ ಗಿಳಿ ದಡಿಯ ಸೀರೆ ಉಡಿಸಿ ಉಡಿ ತುಂಬಿದರು. ಗೋವಿಂದಪ್ಪ ಕೊಟ್ಟ ಮಾತು ನಡೆಯಿತು.